ಮಣಿಕಟ್ಟಿನ ಲೆಕ್ಕ

ತುಮಕೂರಿನವರಿಗೆ ಕೈಗಡಿಯಾರ ಹೊಸದೇನಲ್ಲ. ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ತೊಡಗಿತು. 1978ರಲ್ಲಿ ನಮ್ಮೂರಿನಲ್ಲೂ ಒಂದು ಗಡಿಯಾರದ ಕಾರ್ಖಾನೆ ತೆರೆಯಿತು. ಆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಹುಡುಗನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಾಗುವ ಅಳಿಯನಿಗೆ, ನಿವೃತ್ತರಾಗುವ ಮೇಷ್ಟರಿಗೆ, ಮೂವರಿಗೂ ಒಂದೇ ಉಡುಗೊರೆ: ಎಚ್.ಎಂ.ಟಿ. ವಾಚು. 2016ರಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚು ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆಯ ನೆಲ ಇಸ್ರೋ ಸಂಸ್ಥೆಯ ಪಾಲಾಯಿತು. ಗಂಟೆ ನಿಮಿಷ ಎಣಿಸುತ್ತಿದ್ದ ಜಾಗ ಆಕಾಶದ ಲೆಕ್ಕಕ್ಕೆ ಹೋದದ್ದು ಒಂದು ರೀತಿಯಲ್ಲಿ ಬಡ್ತಿಯೇ ಇರಬಹುದು. ಅಲ್ಲಿ ದುಡಿದವರು ಮಾತ್ರ ಹಾಗೆ ಭಾವಿಸಿದಂತೆ ಕಾಣಲಿಲ್ಲ.

ಎಚ್.ಎಂ.ಟಿ. ವಾಚುಗಳಲ್ಲಿ ‘ಕಾಂಚನ್’ ಎಂಬುದೊಂದಿತ್ತು. ವರದಕ್ಷಿಣೆಯ ಪಟ್ಟಿಯಲ್ಲಿ ಅದರ ಹೆಸರನ್ನು ಹಿಡಿದೇ ಕೇಳುತ್ತಿದ್ದ ಕಾಲವಿತ್ತು. ಅದು ‘ಆಟೋಮ್ಯಾಟಿಕ್’, ಅಂದರೆ ಕೀ ಕೊಡಬೇಕಾಗಿರಲಿಲ್ಲ. ಒಳಗೊಂದು ಅರ್ಧಚಂದ್ರದಂಥ ತೂಕದ ಲೋಹದ ತುಂಡು. ಕೈ ಆಡಿದಂತೆಲ್ಲ ಅದು ತಿರುಗಿ, ಸುರುಳಿ ಸುತ್ತಿಕೊಂಡು, ಗಡಿಯಾರ ನಡೆಯುತ್ತಿತ್ತು. ಕಟ್ಟಿಕೊಂಡವನು ಜ್ವರ ಬಂದು ಎರಡು ದಿನ ಮಲಗಿದರೆ ಗಡಿಯಾರವೂ ಮಲಗುತ್ತಿತ್ತು. ಈ ಬಗೆಯ ಗಡಿಯಾರವನ್ನು ಮೊದಲು ಮಾಡಿದವರಲ್ಲಿ ಸ್ವಿಟ್ಜರ್ಲೆಂಡಿನ ಪೆರ್ಲೆ ಎಂಬಾತನ ಹೆಸರನ್ನು ಹೇಳುತ್ತಾರೆ. ಕಾಲು ಗಂಟೆ ನಡೆದರೆ ಎಂಟು ದಿನಕ್ಕಾಗುವಷ್ಟು ಕೀ ತುಂಬಿಕೊಳ್ಳುತ್ತದೆ ಎಂದು 1777ರಲ್ಲಿ ಜಿನೀವಾದ ಪಂಡಿತರು ಅವನ ಗಡಿಯಾರವನ್ನು ಮೆಚ್ಚಿ ಬರೆದರು. ಅದೇ ಪೆರ್ಲೆ ಹೆಜ್ಜೆ ಎಣಿಸುವ ಯಂತ್ರವೊಂದನ್ನೂ ಮಾಡಿದನಂತೆ. ಇದರಲ್ಲಿ ಆಶ್ಚರ್ಯವಿಲ್ಲ. ಎರಡೂ ಒಂದೇ ತಾಯಿಯ ಮಕ್ಕಳು. ಮನುಷ್ಯ ನಡೆದರೆ ಅಲುಗಾಡುವ ಒಂದು ತೂಕ, ಅಷ್ಟೇ ಬಂಡವಾಳ.

ಈಗ ನಮ್ಮೂರಿನ ಹುಡುಗ ಹುಡುಗಿಯರ ಕೈಯಲ್ಲಿರುವುದು ಆ ಎರಡನೆಯ ಮಗುವಿನ ಸಂತತಿ. ಹೊತ್ತು ತೋರಿಸುವುದು ಅದಕ್ಕೆ ಉಪಕಸುಬು. ಹೆಜ್ಜೆ ಎಷ್ಟು, ನಾಡಿ ಎಷ್ಟು, ನಿದ್ದೆ ಎಷ್ಟು ಎಂದು ಹೇಳುವುದೇ ಮುಖ್ಯ. ಅಮಾನಿಕೆರೆಯ ದಡದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದರೆ, ಹತ್ತು ಹೆಜ್ಜೆ ಹಾಕಿ ಒಮ್ಮೆ ಕೈ ತಿರುಗಿಸಿ ನೋಡಿಕೊಳ್ಳುವವರು ಎಷ್ಟೋ ಮಂದಿ ಕಾಣುತ್ತಾರೆ. ಅದರೊಳಗಿನ ವಿದ್ಯೆ ಸರಳವಾದದ್ದು. ಕೈಯ ಕುಲುಕಾಟವನ್ನು ಅಳೆಯುವ ಒಂದು ಸಣ್ಣ ಚಿಪ್ಪು, ಚರ್ಮದ ಕೆಳಗೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುವ ಒಂದು ಕಣ್ಣು. ಹೆಜ್ಜೆಯನ್ನು ಅದು ಕಾಣುವುದಿಲ್ಲ, ಕೈ ಬೀಸಿದ್ದನ್ನು ಕಂಡು ಊಹಿಸುತ್ತದೆ. ಆದ್ದರಿಂದ ಎರಡು ಕೈಯಲ್ಲೂ ಗಾಡಿಯ ಹಿಡಿ ಹಿಡಿದು ಊರೆಲ್ಲ ತಳ್ಳಿಕೊಂಡು ಹೋಗುವ ತರಕಾರಿಯವನ ಹೆಜ್ಜೆ ಅದರ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ನನ್ನ ತಮ್ಮನ ಮಗಳು ಒಂದು ಭಾನುವಾರ ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಉಜ್ಜಿ ಎದ್ದವಳು, “ದೊಡ್ಡಪ್ಪಾ, ನಿಂತಲ್ಲೇ ಸಾವಿರ ಹೆಜ್ಜೆ ನಡೆದಿದೀನಿ ನೋಡಿ!” ಎಂದು ಕೈ ಮುಂದೆ ಹಿಡಿದಳು. ಒಗೆಯುವ ಕೆಲಸಕ್ಕೆ ಯಾರಾದರೂ ಲೆಕ್ಕ ಕೊಟ್ಟದ್ದು ಅದೇ ಮೊದಲಿರಬೇಕು.

ಗಡಿಯಾರದ ಸರಿ ತಪ್ಪು ನನಗೆ ಅಷ್ಟು ಮುಖ್ಯವಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಇಪ್ಪತ್ತು ಇಪ್ಪತ್ತೈದರ ಒಬ್ಬ ಹುಡುಗ, ಕವುದಿ ಹೊದ್ದು ಮಲಗಲು ಎಲ್ಲ ಅನುಕೂಲವಿದ್ದೂ, ಐದು ಗಂಟೆಗೆ ಎದ್ದು ಮೈ ದಂಡಿಸಲು ಹೊರಡುವುದು ಯಾತಕ್ಕೆ? ಅವನನ್ನು ಎಬ್ಬಿಸುವುದು ಯಾವುದು? ಕೈಗಡಿಯಾರ ಮಾರುವವರು ಅದಕ್ಕೆ ತಮ್ಮ ಸರಕೇ ಉತ್ತರ ಎನ್ನುತ್ತಾರೆ. ನಮ್ಮ ಸೀಮೆಯ ಹಿಂದಿನ ಮುಂದಿನ ಸಂಗತಿಗಳನ್ನು ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ.

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ನಡೆಯುವುದನ್ನು ವ್ಯಾಯಾಮ ಎಂದು ಯಾರೂ ಕರೆಯುತ್ತಿರಲಿಲ್ಲ. ದೂರವನ್ನೇ ಮನುಷ್ಯನ ಮೈಯಿಂದ ಅಳೆಯುತ್ತಿದ್ದರು: ಹತ್ತಿರದ್ದು ಕೂಗಳತೆ, ಸ್ವಲ್ಪ ಆಚೆಯದು ಹರದಾರಿ, ಅದಕ್ಕೂ ಮೀರಿದ್ದು ಗಾವುದ. 1800ರಲ್ಲಿ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, ಮೈಸೂರು ಸೀಮೆಯನ್ನು ನೋಡಿ ವರದಿ ಬರೆಯಲು ಬಂದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯ ಬಗ್ಗೆ ಬರೆದಿದ್ದಾನೆ. ಆ ಸಂತೆಗೆ ಸರಕು ಬರುತ್ತಿದ್ದುದು ಎತ್ತಿನ ಬೆನ್ನಿನ ಮೇಲೆ, ಮನುಷ್ಯರ ತಲೆಯ ಮೇಲೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು. ಅಡಿಕೆ ಕೊಬ್ಬರಿ ಮಾರಿ ಅದೇ ದಿನ ನಡೆದು ಹಿಂತಿರುಗುತ್ತಿದ್ದ ಹಿರಿಯರನ್ನು ನಮ್ಮ ತಲೆಮಾರಿನವರು ಕಣ್ಣಾರೆ ನೋಡಿದ್ದೇವೆ. ಅವರ ಕೈಗೆ ಈಗಿನ ವಾಚು ಕಟ್ಟಿದ್ದರೆ ಅದು ಮಧ್ಯಾಹ್ನಕ್ಕೆ ಮೊದಲೇ ಶಹಭಾಸ್ ಹೇಳಿ ಸುಮ್ಮನಾಗುತ್ತಿತ್ತು. ಅವರನ್ನು ನಡೆಸುತ್ತಿದ್ದದ್ದು ಹೊಟ್ಟೆ. ಅದರಲ್ಲಿ ಹೊಗಳುವಂಥದ್ದೇನೂ ಇಲ್ಲ. ಬಸ್ಸು ಬಂದ ದಿನವೇ ಅವರು ಬಸ್ಸು ಹತ್ತಿದರು. ಹಿಂದಿನವರು ಗಟ್ಟಿಮುಟ್ಟು ಎಂದು ಭಾಷಣ ಮಾಡುವವರು ಇದನ್ನು ಮರೆಯುತ್ತಾರೆ.

ಆದರೆ ಲೆಕ್ಕವಿಟ್ಟು ನಡೆಯುವುದು ಅವರಿಗೂ ಗೊತ್ತಿತ್ತು. ಅರಳಿಕಟ್ಟೆಗೆ ನೂರೆಂಟು ಪ್ರದಕ್ಷಿಣೆಯ ಹರಕೆ ಹೊತ್ತ ಹೆಣ್ಣುಮಕ್ಕಳು ಹುಣಸೆಬೀಜವನ್ನೋ ಹೂವನ್ನೋ ಸೆರಗಿನಲ್ಲಿ ಕಟ್ಟಿಕೊಂಡು, ಸುತ್ತಿಗೊಂದರಂತೆ ಕಟ್ಟೆಯ ಮೇಲಿಡುತ್ತಿದ್ದರು. ಎಣಿಕೆ ತಪ್ಪಿದರೆ ಮೊದಲಿಂದ. ಜಪಮಣಿಯಿಂದ ಹೆಜ್ಜೆಯ ಲೆಕ್ಕವಿಟ್ಟು ದೇಶವನ್ನೇ ಅಳೆದವನೂ ಒಬ್ಬನಿದ್ದ. ಕುಮಾವೂ ಬೆಟ್ಟಸೀಮೆಯ ನೈನ್ ಸಿಂಗ್ ರಾವತ್ ಎಂಬ ಶಾಲಾ ಮೇಷ್ಟರನ್ನು ಬ್ರಿಟಿಷ್ ಸರ್ವೇ ಇಲಾಖೆಯವರು ಒಂದೇ ಅಳತೆಯ ಹೆಜ್ಜೆ ಹಾಕುವಂತೆ ಪಳಗಿಸಿ, 1865ರಲ್ಲಿ ಯಾತ್ರಿಕನ ವೇಷದಲ್ಲಿ ಟಿಬೆಟ್ಟಿಗೆ ಕಳಿಸಿದರು. ಅವನ ಜಪಮಾಲೆಯಲ್ಲಿ ನೂರೆಂಟರ ಬದಲು ನೂರೇ ಮಣಿ. ನೂರು ಹೆಜ್ಜೆಗೆ ಒಂದು ಮಣಿ. ಎರಡು ಸಾವಿರ ಹೆಜ್ಜೆಗೆ ಒಂದು ಮೈಲಿ. ಹೀಗೆ ಸುಮಾರು 1200 ಮೈಲಿ ಎಣಿಸಿದ. ಹೆಜ್ಜೆ ಎಣಿಸುವ ಯಂತ್ರ ಆಗ ಇಲ್ಲದೆ ಇರಲಿಲ್ಲ. ಆದರೆ ಯಾತ್ರಿಕನ ಕೈಯಲ್ಲಿ ಮಣಿಗಳಿರುವುದು ಯಾರಿಗೂ ಅನುಮಾನ ತರುವ ಸಂಗತಿಯಲ್ಲ.

ಮೈಗಾಗಿಯೇ ಮೈ ದಂಡಿಸುವ ಜಾಗ ಎಂದರೆ ನಮ್ಮಲ್ಲಿ ಗರಡಿ. ಹಳೆಯ ಮೈಸೂರಿನ ಊರುಗಳಲ್ಲಿ ಒಂದಾದರೂ ಗರಡಿಮನೆ ಇರುತ್ತಿತ್ತು. ಮೈಸೂರಿನ ದಸರಾ ಕುಸ್ತಿ ಅವುಗಳ ದೊಡ್ಡ ಪರೀಕ್ಷೆ. ತಗ್ಗು ಬಾಗಿಲು, ಒಳಗೆ ಮಬ್ಬು, ಎಣ್ಣೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಅಖಾಡ, ಗೋಡೆಯಲ್ಲಿ ಹನುಮಂತ, ಮೂಲೆಯಲ್ಲಿ ಗದೆ ಮತ್ತು ಕಲ್ಲಿನ ಗುಂಡು. ಬಾಗಿಲು ತಗ್ಗಾಗಿರುವುದು ಎಂಥ ಪೈಲ್ವಾನನಾದರೂ ತಲೆ ಬಗ್ಗಿಸಿ ಒಳಗೆ ಬರಲಿ ಎಂದೇ ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಅಂಥ ಒಂದು ಗರಡಿಯ ಕಿಟಕಿಗೆ ಜೋತುಬಿದ್ದು ನೋಡಿದ ನೆನಪು ನನಗಿದೆ. ಉಸ್ತಾದರು ದಂಡ ಬಸ್ಕಿಗಳ ಎಣಿಕೆ ಹೇಳುತ್ತಿದ್ದರು. ನೂರಾದ ಮೇಲೆ ಎಣಿಕೆ ನಿಧಾನವಾಗುತ್ತಿತ್ತು, ಏಕೆಂದರೆ ಹುಡುಗರು ಬಳಲಿದ್ದನ್ನು ಅವರು ಕಣ್ಣಿನಿಂದ ನೋಡುತ್ತಿದ್ದರು. ಒಬ್ಬನಿಗೆ ಸಾಕು ಎನ್ನುತ್ತಿದ್ದರು, ಪಕ್ಕದವನಿಗೆ ಇನ್ನೂ ಹತ್ತು ಹಾಕೋ ಎನ್ನುತ್ತಿದ್ದರು. ಎಣಿಸುವವನೂ ನೋಡುವವನೂ ಒಬ್ಬನೇ. ಒಂದು ದಿನ ತಪ್ಪಿಸಿದರೆ ಮರುದಿನ ಮನೆಗೇ ಆಳು ಬರುತ್ತಿತ್ತು: “ಯಾಕೋ ಬರಲಿಲ್ಲ? ಉಸ್ತಾದರು ಕೇಳ್ತಿದಾರೆ.” ಆ ಕೇಳುವಿಕೆಯೇ ಹುಡುಗನನ್ನು ಎಬ್ಬಿಸುತ್ತಿತ್ತು. ಬಿಡಿಸಿ ಹೇಳಬೇಕೆಂದರೆ, ಗರಡಿಗೆ ಎಲ್ಲರಿಗೂ ಪ್ರವೇಶ ಸುಲಭವಾಗಿರಲಿಲ್ಲ. ಜಾತಿಯ ಗೆರೆಗಳಿದ್ದವು, ಹೆಣ್ಣುಮಕ್ಕಳಂತೂ ಹೊಸಿಲು ತುಳಿಯುವಂತಿರಲಿಲ್ಲ. ಊರು ಕಾಯುತ್ತಿತ್ತು ಎನ್ನುವಾಗ ಯಾರನ್ನು ಕಾಯುತ್ತಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ.

ಗರಡಿಯ ಜೊತೆಗೇ ಇನ್ನೊಂದು ಬಗೆಯ ಆಸೆ ನಮ್ಮ ನಾಡಿಗೆ ಬಂತು. ಕನ್ನಡದ ಓದುಗರು ಕೆ.ವಿ. ಅಯ್ಯರ್ ಎಂದರೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ನೆನೆಯುತ್ತಾರೆ. ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ದೇಶಕ್ಕೆಲ್ಲ ಹೆಸರಾದವರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ತಂದರು. ಅಂಚೆಯ ಮೂಲಕವೂ ಪಾಠ ಕಳಿಸುತ್ತಿದ್ದರು. ಈ ಹೊಸ ವ್ಯಾಯಾಮದ ಗುರು ಗರಡಿಯ ಉಸ್ತಾದನಲ್ಲ, ಕನ್ನಡಿ ಮತ್ತು ದರ್ಜಿಯ ಟೇಪು. ಎದೆ ಎಷ್ಟು ಇಂಚು, ತೋಳು ಎಷ್ಟು ಇಂಚು, ತಿಂಗಳ ಹಿಂದೆ ಎಷ್ಟಿತ್ತು? ಜರ್ಮನಿಯ ಯೂಜೆನ್ ಸ್ಯಾಂಡೋ ಪ್ರಪಂಚವನ್ನೆಲ್ಲ ಸುತ್ತಿ ಹರಡಿದ ಪಂಥ ಇದು. ಕುಸ್ತಿಯವನಿಗೆ ಎದುರಾಳಿ ಬೇಕು. ಕನ್ನಡಿಯವನಿಗೆ ತಾನೇ ಎದುರಾಳಿ. ತನ್ನ ನಿನ್ನೆಯ ಅಂಕಿಯನ್ನು ಇಂದು ಸೋಲಿಸುವ ಆಟ ಅಲ್ಲಿಂದ ಶುರುವಾಯಿತು ಎನ್ನಬಹುದು. ಇಂದಿನ ಕೈಗಡಿಯಾರ ಮಾಡುವುದೂ ಅದನ್ನೇ. ಟೇಪನ್ನು ತಿಂಗಳಿಗೊಮ್ಮೆ ಹಿಡಿಯುತ್ತಿದ್ದರು, ಇದು ನಿಮಿಷಕ್ಕೊಮ್ಮೆ ಹಿಡಿಯುತ್ತದೆ.

ಚೆಂದ ಕಾಣುವ ಆಸೆಯನ್ನು ನಮ್ಮ ಜನಕ್ಕೆ ಹತ್ತಿಸಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ನಾಟಕ ಮತ್ತು ಸಿನಿಮಾ. ಇಲ್ಲಿ ಮತ್ತೆ ಗುಬ್ಬಿಗೇ ಬರಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವನ್ನು ವೀರಣ್ಣನವರು ಕನ್ನಡ ನಾಡಿನ ದೊಡ್ಡ ಕಂಪನಿಯಾಗಿ ಬೆಳೆಸಿದರು. ಅವರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ ಕುದುರೆಗಳು ರಂಗಕ್ಕೆ ಬರುತ್ತಿದ್ದವು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ನಟನ ಮಾತು ಕೊನೆಯ ಸಾಲಿನ ನೆಲದವರಿಗೂ ಕೇಳಬೇಕು. ರಾತ್ರಿ ಪೂರ್ತಿ ನಿಲ್ಲಬೇಕು, ಹಾಡಬೇಕು. ಆ ಮೈಗೆ ಕಸುವಿಲ್ಲದಿದ್ದರೆ ಮರುದಿನ ಪಾತ್ರ ಇನ್ನೊಬ್ಬನ ಪಾಲು. ಆ ಕಂಪನಿಯಲ್ಲಿ ಬಾಲ್ಯದಲ್ಲಿ ತಂದೆಯೊಡನೆ ಬಣ್ಣ ಹಚ್ಚಿದ ಮುತ್ತುರಾಜ, 1954ರಲ್ಲಿ ಗುಬ್ಬಿಯವರೇ ಪಾಲುಗೊಂಡು ತಯಾರಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದರು. ನಡುವಯಸ್ಸು ದಾಟುವ ಹೊತ್ತಿಗೆ ಹೊನ್ನಪ್ಪ ನಾಯ್ಕರ್ ಎಂಬ ಗುರುಗಳಿಂದ ಯೋಗ ಕಲಿತರು. 1983ರ ‘ಕಾಮನಬಿಲ್ಲು’ ಚಿತ್ರದಲ್ಲಿ ಅವರು ಆಸನಗಳನ್ನು ಹಾಕಿದ್ದನ್ನು ನೋಡಿ ನಮ್ಮ ಬೀದಿಯ ಹುಡುಗರು ಚಾಪೆ ಹಾಸಿ ತಲೆಕೆಳಗಾಗಿ ನಿಂತರು. ಕೆಲವರು ಒಂದು ವಾರ, ಕೆಲವರು ಒಂದು ತಿಂಗಳು. ಒಬ್ಬಿಬ್ಬರು ಮಾತ್ರ ಇಂದಿಗೂ ಬಿಟ್ಟಿಲ್ಲ. ಆ ಒಬ್ಬಿಬ್ಬರು ಏಕೆ ಬಿಡಲಿಲ್ಲ ಎಂದು ಕೇಳಿ ನೋಡಿದ್ದೇನೆ. “ಅಭ್ಯಾಸ ಆಗೋಯ್ತು ಸಾ, ಮಾಡದಿದ್ರೆ ಏನೋ ಕಳಕೊಂಡಂಗೆ” ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಸಿಕ್ಕಿಲ್ಲ. ಅಣ್ಣಾವ್ರ ಹೆಸರನ್ನು ಅವರು ಎತ್ತಲೇ ಇಲ್ಲ.

ಅದೇ ಮನೆಯ ಕಿರಿಯ ಮಗ ಪುನೀತ್ ಹೊಸ ಪೀಳಿಗೆಗೆ ವ್ಯಾಯಾಮದ ಇನ್ನೊಂದು ಹೆಸರಾಗಿದ್ದರು. 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ, ಹೃದಯ ನಿಂತು ತೀರಿಕೊಂಡರು. ಆ ದಿನ ತುಮಕೂರಿನಲ್ಲಿ ಅಂಗಡಿಗಳು ತಾವಾಗಿಯೇ ಬಾಗಿಲೆಳೆದುಕೊಂಡದ್ದನ್ನು ನಾನು ನೋಡಿದೆ. ಮುಂದಿನ ವಾರಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಎದೆ ಪರೀಕ್ಷೆಗೆ ಸಾಲು ನಿಂತವರಲ್ಲಿ ಹುಡುಗರೇ ಬಹಳ. ಅಷ್ಟು ಗಟ್ಟಿ ಆಸಾಮಿಗೇ ಹೀಗಾದರೆ ವ್ಯಾಯಾಮ ಯಾತಕ್ಕೆ ಎಂದು ಜಿಮ್ ಬಿಟ್ಟವರು ಕೆಲವರು. ಹೆದರಿ ಹೊಸದಾಗಿ ನಡೆಯಲು ಹೊರಟವರು ಇನ್ನು ಕೆಲವರು. ಒಂದೇ ಸಾವು ಎರಡು ಕಡೆಗೂ ತಳ್ಳಿತು. ನಾಡಿ ತೋರಿಸುವ ವಾಚುಗಳಂತೂ ಆ ವರ್ಷಗಳಲ್ಲಿ ಬೀದಿಬೀದಿಗೆ ಬಂದವು. 2015ರಲ್ಲಿ ಚೀನಾದ ಶಿಯೋಮಿ ಕಂಪನಿ 999 ರೂಪಾಯಿಗೆ ಒಂದು ಪಟ್ಟಿ ಮಾರಲು ತೊಡಗಿದಾಗ ಅದು ವಿದ್ಯಾವಂತರ ಆಟಿಕೆಯಾಗಿತ್ತು. ಆಮೇಲೆ ಭಾರತದ ಕಂಪನಿಗಳೇ ಅಗ್ಗಕ್ಕೆ ತಂದು, ಹಳ್ಳಿಯ ಜಾತ್ರೆಯಲ್ಲೂ ಸಿಗುವಂತಾಯಿತು.

2025ರ ಮೇ ಜೂನ್‌ನಲ್ಲಿ ಪಕ್ಕದ ಹಾಸನ ಜಿಲ್ಲೆಯಿಂದ ಮತ್ತೆ ಅದೇ ಸುದ್ದಿ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೃದಯಾಘಾತದ ಸಾವುಗಳೆಂದು ಪತ್ರಿಕೆಗಳು ಬರೆದವು. ಸತ್ತವರಲ್ಲಿ ಹರೆಯದವರೂ ಇದ್ದರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಅಸಹಜವಾದ ಏರಿಕೆ ಕಾಣುವುದಿಲ್ಲವೆಂದು ಸಮಿತಿ ಹೇಳಿತು. ಹೆದರಿದವನಿಗೆ ಸರಾಸರಿಯ ಮಾತು ಹೇಳಿ ಸಮಾಧಾನ ಮಾಡುವುದು ಕಷ್ಟ. ಅದೇ ಸಮಯದಲ್ಲಿ ನಮ್ಮ ಬೀದಿಯ ಒಬ್ಬ ಮೂವತ್ನಾಲ್ಕರ ಗೃಹಸ್ಥ, ಅಂಗಡಿ ಇಟ್ಟುಕೊಂಡವನು, ಕೈಗೆ ವಾಚು ಕಟ್ಟಿ ರಾತ್ರಿಯೆಲ್ಲ ನಾಡಿ ನೋಡುತ್ತ ಕೂರತೊಡಗಿದ. ಎಂಬತ್ತೆಂದು ತೋರಿಸಿದರೆ ಗಾಬರಿ, ಗಾಬರಿಯಾದ್ದರಿಂದ ತೊಂಬತ್ತು, ತೊಂಬತ್ತು ಕಂಡು ಇನ್ನೂ ಗಾಬರಿ. ಅವನ ಹೆಂಡತಿ ಒಂದು ದಿನ ವಾಚನ್ನು ಬಿಚ್ಚಿ ಅಕ್ಕಿಡಬ್ಬಿಯಲ್ಲಿ ಹಾಕಿದಳು. ಬೆಳಿಗ್ಗೆ ಅವನನ್ನು ತಾನೇ ಕರೆದುಕೊಂಡು ನಡೆಯಲು ಹೊರಟಳು. ಡಾಕ್ಟರರು ಬರೆದದ್ದೂ ಅದನ್ನೇ, ದಿನಕ್ಕೆ ಅರ್ಧ ಗಂಟೆ ನಡಿಗೆ.

ಹೊಟ್ಟೆಪಾಡಿಗಾಗಿ ಮೈ ದಂಡಿಸುವವರು ಈಗಲೂ ಇದ್ದಾರೆ. ಬೆಳಗಿನ ಜಾವ ಜಿಲ್ಲಾ ಕ್ರೀಡಾಂಗಣದ ಕಡೆ ಹೋದರೆ ಗುಬ್ಬಿ, ಕುಣಿಗಲ್, ಶಿರಾ ಕಡೆಯಿಂದ ಬಂದು ಕೋಣೆ ಹಿಡಿದಿರುವ ಹುಡುಗರು ಓಡುತ್ತಿರುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದರೆ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಕೇಂದ್ರದ ಪಡೆಗಳಿಗಾದರೆ 24 ನಿಮಿಷದಲ್ಲಿ 5 ಕಿಲೋಮೀಟರು. ಎದೆ 86 ಸೆಂಟಿಮೀಟರು, ಉಬ್ಬಿಸಿದರೆ ಇನ್ನೂ 5. ಅಯ್ಯರ್ ಕಾಲದ ಟೇಪು ಇಲ್ಲಿ ಸರ್ಕಾರಿ ನೌಕರಿ ಹಿಡಿದಿದೆ. ನನ್ನ ತಂಗಿಯ ಮಗ ಎರಡು ವರ್ಷ ಆ ಮೈದಾನದಲ್ಲಿ ಓಡಿದ. ಕೈಯಲ್ಲಿ ವಾಚು. ಸಂಜೆ ಮನೆಗೆ ಬಂದರೆ ಅದೇ ಮಾತು: “ಮಾವ, ಇವತ್ತು ಆರೂ ನಲವತ್ತಾಯ್ತು.” “ಇನ್ನು ಹತ್ತು ಸೆಕೆಂಡು ಕಣೋ, ಅದೇನು ಮಹಾ!” ಎಂದರೆ, “ಆ ಹತ್ತಕ್ಕೇ ಮಾವ ನೌಕರಿ ಇರೋದು” ಎನ್ನುತ್ತಿದ್ದ. ಹಸಿ ಮೊಟ್ಟೆ, ನೆನೆಸಿದ ಕಡಲೆ, ರಾತ್ರಿ ಒಂಬತ್ತಕ್ಕೆ ನಿದ್ದೆ. ಅವನ ಶಿಸ್ತು ಕಂಡು ನನ್ನ ತಂಗಿ ದೃಷ್ಟಿ ತೆಗೆಯುತ್ತಿದ್ದಳು. ಆಯ್ಕೆಯಾದ. ತರಬೇತಿ ಮುಗಿಯಿತು. ಈಗ ಮೂರು ವರ್ಷ. ರಾತ್ರಿಪಾಳಿ, ಬಂದೋಬಸ್ತು, ಹೊತ್ತಲ್ಲದ ಹೊತ್ತಿನಲ್ಲಿ ಹೋಟೆಲಿನ ಊಟ. ಬೆಲ್ಟಿಗೆ ಹೊಸ ತೂತು ಬಿದ್ದಿದೆ. “ಓಡ್ತೀಯೇನಪ್ಪ?” ಎಂದರೆ ನಗುತ್ತಾನೆ. “ಈಗ ಯಾರಿಗೋಸ್ಕರ ಓಡ್ಲಿ ಮಾವ?”

ಆ ಹುಡುಗನ ಮಾತಿನಲ್ಲಿರುವುದನ್ನು ಅಮೆರಿಕದ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞರು 1971ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಂದು ಆಟ ಕೊಟ್ಟರು. ಒಂದು ಗುಂಪಿಗೆ ಜೋಡಿಸಿದ್ದಕ್ಕೆ ದುಡ್ಡು ಕೊಟ್ಟು, ಆಮೇಲೆ ದುಡ್ಡು ನಿಲ್ಲಿಸಿದರು. ದುಡ್ಡು ಕಂಡವರು ಬಿಡುವಿನ ಹೊತ್ತಿನಲ್ಲಿ ಆಟವನ್ನು ಮುಟ್ಟುವುದು ಕಡಿಮೆಯಾಯಿತು. ಮೊದಲಿಂದಲೂ ಸುಮ್ಮನೆ ಆಡುತ್ತಿದ್ದವರು ಹಾಗೇ ಆಡುತ್ತಿದ್ದರು. ಹೊರಗಿನ ಆಸೆ ಒಳಗಿನ ಖುಷಿಯನ್ನು ಒಮ್ಮೊಮ್ಮೆ ತಿಂದುಹಾಕುತ್ತದೆ. ನನ್ನ ಸೋದರಳಿಯನ ವಿಷಯದಲ್ಲಿ ಒಳಗಿನ ಖುಷಿ ಇದ್ದಿತೋ ಇಲ್ಲವೋ ಎಂದು ನೋಡುವಷ್ಟು ಪುರುಸೊತ್ತನ್ನು ನಾವು ಯಾರೂ ಅವನಿಗೆ ಕೊಡಲಿಲ್ಲ.

ಇನ್ನು ಆ ಪ್ರಸಿದ್ಧ ಹತ್ತು ಸಾವಿರದ ಲೆಕ್ಕ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಯಾವ ವೈದ್ಯರು ಹೇಳಿದರು ಎಂದು ಹುಡುಗರನ್ನು ಕೇಳಿದರೆ ವಾಚು ಹೇಳಿತು ಎನ್ನುತ್ತಾರೆ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಹುರುಪಿನಲ್ಲಿ, 1965ರಲ್ಲಿ ಜಪಾನಿನ ಯಮಾಸಾ ಎಂಬ ಗಡಿಯಾರದ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಯಂತ್ರವೊಂದನ್ನು ಮಾರಿತು. ಅದರ ಹೆಸರು ಮಾನ್ಪೊ-ಕೆ, ಹತ್ತು ಸಾವಿರ ಹೆಜ್ಜೆಯ ಮಾಪಕ. ಅಂಕಿ ಹುಟ್ಟಿದ್ದು ಹೀಗೆ, ಸರಕಿನ ಹೆಸರಾಗಿ. ಅದು ಕೆಟ್ಟ ಅಂಕಿಯಲ್ಲ. ಆದರೆ 2019ರಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಅಮೆರಿಕದ ಹೆಂಗಸರನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ, ಹೆಜ್ಜೆ ಹೆಚ್ಚಿದಂತೆ ಸಿಗುವ ಲಾಭ ಸುಮಾರು 7500ರ ಹೊತ್ತಿಗೆ ಸಮತಟ್ಟಾಯಿತು. 4400 ನಡೆದವರಿಗೂ 2700 ನಡೆದವರಿಗಿಂತ ಗಣನೀಯ ಲಾಭವಿತ್ತು.

ಹರೆಯದವರ ಮೇಲೆಯೇ ನಡೆಸಿದ ದೊಡ್ಡ ಪರೀಕ್ಷೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ್ದು. ಹದಿನೆಂಟರಿಂದ ಮೂವತ್ತೈದರೊಳಗಿನ, ಮೈತೂಕ ಹೆಚ್ಚಿದ್ದ 471 ಮಂದಿ. ಮೊದಲ ಆರು ತಿಂಗಳು ಎಲ್ಲರಿಗೂ ಒಂದೇ ಉಪದೇಶ, ಒಂದೇ ಪಥ್ಯ. ಆಮೇಲೆ ಅರ್ಧ ಜನಕ್ಕೆ ತೋಳಿಗೆ ಕಟ್ಟುವ ಅಳತೆಯ ಯಂತ್ರ ಕೊಟ್ಟರು. ಉಳಿದವರು ತಾವೇ ಲೆಕ್ಕ ಬರೆದುಕೊಂಡರು. ಎರಡು ವರ್ಷದ ಕೊನೆಗೆ, ಬರೆದುಕೊಂಡವರು ಸರಾಸರಿ 5.9 ಕಿಲೋ ಇಳಿದಿದ್ದರು. ಯಂತ್ರ ಕಟ್ಟಿಕೊಂಡವರು 3.5 ಕಿಲೋ. 2016ರಲ್ಲಿ ಇದು ಪ್ರಕಟವಾದಾಗ ಯಂತ್ರ ಮಾಡುವವರಿಗೆ ಹಿತವಾಗಲಿಲ್ಲ. ಎದುರು ಪಕ್ಷದ ಮಾತನ್ನೂ ಹೇಳಬೇಕು: ಇಂಥ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿದ 2022ರ ಒಂದು ಸಮೀಕ್ಷೆಯ ಪ್ರಕಾರ ಯಂತ್ರ ಕಟ್ಟಿಕೊಂಡವರು ದಿನಕ್ಕೆ ಸುಮಾರು 1800 ಹೆಜ್ಜೆ ಹೆಚ್ಚು ನಡೆಯುತ್ತಾರೆ. ಅದು ಕಡಿಮೆಯೇನಲ್ಲ. ಹೊರಟವನಿಗೆ ಅದು ಜೊತೆ ಕೊಡುತ್ತದೆ ಎಂದು ನಾನೂ ಒಪ್ಪುತ್ತೇನೆ. ಹೊರಡಿಸುವುದು ಮತ್ತು ವರ್ಷಗಟ್ಟಲೆ ಬಿಡದಂತೆ ಹಿಡಿದಿಡುವುದು ಅದರ ಕೈಲಾಗುವ ಕೆಲಸವಲ್ಲ ಎಂಬುದಷ್ಟೇ ನನ್ನ ತಕರಾರು. ನಮ್ಮ ದೇಶದಲ್ಲಿ 2024ರಲ್ಲಿ ಈ ವಾಚುಗಳ ಮಾರಾಟ ಸುಮಾರು ಮೂರನೆಯ ಒಂದು ಪಾಲು ಕುಸಿಯಿತು. ಕೊಂಡವರು ಮತ್ತೊಂದನ್ನು ಕೊಳ್ಳಲಿಲ್ಲ. ನಮ್ಮ ಮನೆಯ ಮೇಜಿನ ಖಾನೆಯಲ್ಲೇ ಎರಡಿವೆ, ಎಚ್.ಎಂ.ಟಿ.ಯ ಪಕ್ಕದಲ್ಲಿ.

ಯಂತ್ರವಿಲ್ಲದೆ ಓಡುವುದು ಹೇಗಿರುತ್ತದೆ ಎಂಬುದನ್ನು ನೋಡಬೇಕಾದರೆ ಕುಣಿಗಲ್ಲಿಗೆ ಹೋಗಬೇಕು. ಟಿಪ್ಪುವಿನ ಕಾಲದಿಂದ ಹೆಸರಾದ ಅಲ್ಲಿನ ಕುದುರೆ ಫಾರಂ ಮೊದಲು ದಂಡಿನ ಕುದುರೆಗಳಿಗೆ, ಆಮೇಲೆ ರೇಸಿನ ಕುದುರೆಗಳಿಗೆ ತವರು. ಕೆಲವು ವರ್ಷಗಳ ಹಿಂದೆ ಬೇಲಿಯಾಚೆ ನಿಂತು ಮರಿಗಳನ್ನು ನೋಡಿದ್ದೆ. ಒಂದು ಮರಿ ಕಾರಣವಿಲ್ಲದೆ ಕಿವಿ ನಿಮಿರಿಸಿತು, ಓಡಿತು. ಅದನ್ನು ಕಂಡು ಇನ್ನೆರಡು. ನೋಡನೋಡುತ್ತ ಮೈದಾನದ ಅಷ್ಟೂ ಮರಿಗಳು ಒಂದು ಸುತ್ತು ಹೊಡೆದು, ಮತ್ತೆ ಏನೂ ಆಗದಂತೆ ಹುಲ್ಲಿಗೆ ಬಾಯಿ ಹಾಕಿದವು. ಚಾವಟಿ ಹಿಡಿದವನಿಲ್ಲ, ಸ್ಟಾಪ್‌ವಾಚ್ ಹಿಡಿದವನಿಲ್ಲ. ಅವರಿಬ್ಬರೂ ಆಮೇಲೆ, ಬೆಂಗಳೂರಿನ ರೇಸ್ ಮೈದಾನದಲ್ಲಿ ಸಿಗುತ್ತಾರೆ. ಅಲ್ಲಿ ಸೆಕೆಂಡಿನ ಭಾಗಗಳನ್ನು ನೋಡುವುದು ತರಬೇತುದಾರ, ದುಡ್ಡು ಕಟ್ಟಿದವನು. ಕುದುರೆಗೆ ಅದರ ಗೊಡವೆಯಿಲ್ಲ. ಮನುಷ್ಯ ಮಾತ್ರ ತನಗೆ ತಾನೇ ಕುದುರೆ, ತಾನೇ ತರಬೇತುದಾರ, ತಾನೇ ದುಡ್ಡು ಕಟ್ಟಿದವನು.

ಹೆಣ್ಣುಮಕ್ಕಳ ಮಾತಿಗೆ ಬಂದರೆ ಲೆಕ್ಕವೇ ಬೇರೆ. 2024ರಲ್ಲಿ ಬಂದ ಒಂದು ಅಂತರರಾಷ್ಟ್ರೀಯ ಅಧ್ಯಯನ ಭಾರತದ ಹೆಂಗಸರಲ್ಲಿ ನೂರಕ್ಕೆ 57, ಗಂಡಸರಲ್ಲಿ 42 ಮಂದಿಗೆ ಸಾಕಷ್ಟು ದೇಹಶ್ರಮವಿಲ್ಲ ಎಂದಿತು. ಸೋಮಾರಿತನ ಎಂದು ಇದನ್ನು ತಳ್ಳಿಹಾಕುವವರು ಬೆಳಿಗ್ಗೆ ಐದೂವರೆಗೆ ಒಬ್ಬಳೇ ಹುಡುಗಿಯಾಗಿ ನಮ್ಮ ಬಿ.ಎಚ್. ರಸ್ತೆಯಲ್ಲಿ ನಡೆದು ನೋಡಬೇಕು. ದೀಪವಿಲ್ಲದ ತುಂಡುಗಳು, ಬೀದಿನಾಯಿ, ಬೈಕು ನಿಧಾನ ಮಾಡುವವರು. ನನ್ನ ತಮ್ಮನ ಮಗಳು ವಾಚು ಕೊಂಡ ಮೊದಲ ತಿಂಗಳು ಹೊರಗೆ ಹೋಗಲಿಲ್ಲ. ತಾರಸಿಯ ಮೇಲೆಯೇ ಸುತ್ತಿದಳು, ಎರಡನೆಯ ತಿಂಗಳಿಗೆ ಬೇಸತ್ತಳು. ಮುಂದೆ ಪಕ್ಕದ ಬೀದಿಯ ಇಬ್ಬರು ಗೆಳತಿಯರು, ಒಬ್ಬಳು ಬ್ಯಾಂಕಿನವಳು, ಒಬ್ಬಳು ಬಿ.ಎಡ್. ಓದುವವಳು, ಜೊತೆಯಾದರು. ಮೂವರೂ ಅಮಾನಿಕೆರೆಗೆ ಹೋಗತೊಡಗಿ ಈಗ ಎರಡು ವರ್ಷವಾಗುತ್ತ ಬಂತು. ಮಳೆ ಬಂದ ದಿನ ನಾನೊಮ್ಮೆ, “ಇವತ್ತು ಮಲಕೋಬಾರದೇನಮ್ಮ?” ಎಂದೆ. “ಅವರಿಬ್ರೂ ಗೇಟ್ ಹತ್ರ ನಿಂತಿರ್ತಾರೆ ದೊಡ್ಡಪ್ಪ” ಎಂದು ಛತ್ರಿ ಹಿಡಿದು ಹೊರಟಳು. ವಾಚು ಅವಳ ಕೈಯಲ್ಲಿ ಈಗಲೂ ಇದೆ. ನಡೆಯುವಾಗ ಅದನ್ನು ನೋಡಲು ಮಾತಿಗೆ ಬಿಡುವು ಸಿಗುವುದಿಲ್ಲವಂತೆ.

ಶಿವರಾತ್ರಿಗೆ ಮುಂಚೆ ಕುಣಿಗಲ್ ಹೆದ್ದಾರಿಯಲ್ಲಿ ಹೋದವರು ಧರ್ಮಸ್ಥಳದ ಪಾದಯಾತ್ರಿಗಳನ್ನು ನೋಡಿರುತ್ತೀರಿ. ಬೆಂಗಳೂರಿನಿಂದ ಸುಮಾರು ಮುನ್ನೂರು ಕಿಲೋಮೀಟರು, ಒಂದು ವಾರದ ದಾರಿ. ಹೆಗಲಿಗೆ ಟವೆಲು, ಕಾಲಿಗೆ ಹವಾಯಿ ಚಪ್ಪಲಿ ಅಥವಾ ಬರಿಗಾಲು. ಹರಕೆ ಹೊತ್ತವರಿದ್ದಾರೆ, ಗೆಳೆಯ ಹೊರಟನೆಂದು ಹೊರಟವರೂ ಇದ್ದಾರೆ. ಇಪ್ಪತ್ತರ ಆಸುಪಾಸಿನವರೇ ಹೆಚ್ಚು. ಬೇರೆ ದಿನಗಳಲ್ಲಿ ಬೀದಿಯ ತುದಿಯ ಅಂಗಡಿಗೂ ಬೈಕು ಹತ್ತುವ ಹುಡುಗರು. ಈಚೆಗೆ ಒಂದು ವರ್ಷ ಕುಣಿಗಲ್ ದಾಟಿ ಸ್ವಲ್ಪ ದೂರದಲ್ಲಿ, ಊರಿನವರು ಹಾಕಿದ್ದ ಮಜ್ಜಿಗೆಯ ಶಾಮಿಯಾನದಲ್ಲಿ ನಾನೂ ಕೂತಿದ್ದೆ. ಒಬ್ಬ ಹುಡುಗ ಕಾಲಿನ ಬೊಬ್ಬೆಗೆ ಅರಿಸಿನ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಕೈಯಲ್ಲಿ ದಪ್ಪನೆಯ ವಾಚು, ಮುಖ ಕಪ್ಪಾಗಿತ್ತು.

“ಎಷ್ಟು ಹೆಜ್ಜೆ ಆಯ್ತಪ್ಪ?” ಎಂದೆ.

“ನೆಲಮಂಗಲದಲ್ಲೇ ಚಾರ್ಜು ಮುಗೀತು ಸಾರ್,” ಎಂದ. “ಚಾರ್ಜರ್ ಮನೇಲೇ ಬಿಟ್ಟೆ.”

ಅಷ್ಟರಲ್ಲಿ ರಸ್ತೆಯಿಂದ ಯಾರೋ ಕೂಗಿದರು. ಲೋಟವನ್ನು ಕೆಳಗಿಟ್ಟು, ಕುಂಟುತ್ತ, ಅವರ ಹಿಂದೆ ಹೊರಟ.